ಐಸ್ ಮೀನಿಗೆ ಉಪ್ಪು ಹಾಕಿದರೆ ಪ್ರೊಟೀನ್ ಹೋಗುತ್ತದೆಯೇ? ಫ್ರೀಜರ್ ಮೀನನ್ನು ಮನೆಮನೆಗೆ ತಂದ ಕ್ಲಾರೆನ್ಸ್ ಬರ್ಡ್ಸ್‌ಐ ಬದುಕಿನಲ್ಲಿದೆ ಉತ್ತರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಮೀನು ಎರಡು ದಾರಿಯಿಂದ ಬರುತ್ತದೆ. ಒಂದು, ತುಂಗಭದ್ರಾ ಜಲಾಶಯ ಮತ್ತು ಊರಿನ ಕೆರೆಗಳಿಂದ. ಇನ್ನೊಂದು, ಕರಾವಳಿಯಿಂದ. ಕಾರವಾರದಿಂದ ಕೊಪ್ಪಳಕ್ಕೆ ರಸ್ತೆ ದಾರಿ 250 ಕಿಲೋಮೀಟರಿಗಿಂತ ಹೆಚ್ಚು. ಹಾಗಾಗಿ ಸಮುದ್ರದ ಬಂಗುಡೆ ನಮ್ಮೂರಿಗೆ ಬರುವುದಾದರೆ ಒಂದೋ ಐಸಿನಲ್ಲಿ ಬರಬೇಕು, ಇಲ್ಲವೇ ಉಪ್ಪು ಹಚ್ಚಿ ಒಣಗಿಸಿದ ಒಣಮೀನಾಗಿ ಬರಬೇಕು.

ಈ ಐಸ್ ಮೀನಿನ ಬಗ್ಗೆ ಬಗೆಬಗೆಯ ಮಾತುಗಳು ಮೊಬೈಲಿನಲ್ಲಿ ಓಡಾಡುತ್ತವೆ. ಫ್ರೀಜ್ ಮಾಡಿದ ಮೀನಿನಲ್ಲಿ ಪ್ರೊಟೀನ್ ಉಳಿಯುವುದಿಲ್ಲ ಎಂದು ಒಬ್ಬರು. ಉಪ್ಪು ಹಾಕಿದರೆ ಮೀನಿನ ನೀರೆಲ್ಲ ಇಳಿದು ಸತ್ವ ಹೋಗುತ್ತದೆ ಎಂದು ಇನ್ನೊಬ್ಬರು. ಉಪ್ಪುನೀರಿನಲ್ಲಿ ನೆನೆಸಿದರೆ ಹಳೆ ಮೀನೂ ತಾಜಾ ಆಗುತ್ತದೆ ಎಂದು ಮತ್ತೊಬ್ಬರು. ಒಣಮೀನಿನಲ್ಲಿ ಹಸಿ ಮೀನಿಗಿಂತ ಎಷ್ಟೋ ಪಟ್ಟು ಪ್ರೊಟೀನ್ ಇದೆ ಎಂಬುದು ಇನ್ನೊಂದು.

ಇದು ಬರೀ ರುಚಿಯ ವಿಚಾರವಲ್ಲ. ಕಲ್ಯಾಣ ಕರ್ನಾಟಕದ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು ಎಂಬ ಕಾರಣಕ್ಕೇ 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿದಂತೆ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಲಾಯಿತು. ದುಡ್ಡು ಕೊಟ್ಟು ತಂದ ಅರ್ಧ ಕಿಲೋ ಮೀನು ಮಕ್ಕಳ ಮೈಗೆ ಹತ್ತಬೇಕು ಎಂದು ಯಾವ ತಾಯಿಗೆ ಆಸೆ ಇರುವುದಿಲ್ಲ? ಸುಳ್ಳು ಮೆಸೇಜಿಗೆ ಹೆದರಿ ಒಳ್ಳೆಯ ಆಹಾರ ಬಿಟ್ಟರೆ ನಷ್ಟ ನಮಗೇ.

ಈ ಗೊಂದಲ ಬಿಡಿಸಲು ಒಬ್ಬ ಮನುಷ್ಯನ ಕಥೆ ಸಹಾಯ ಮಾಡುತ್ತದೆ. ಆತನ ಹೆಸರು ಕ್ಲಾರೆನ್ಸ್ ಬರ್ಡ್ಸ್‌ಐ. ಮಂಜು, ಉಪ್ಪು, ಮೀನು ಈ ಮೂರರ ಜೊತೆ ಆತ ವರ್ಷಗಟ್ಟಲೆ ಹೆಣಗಾಡಿದ.

ಕಪ್ಪೆ ಮಾರಿ ಕಾಲೇಜು ಓದಿದ ಹುಡುಗ

ಬರ್ಡ್ಸ್‌ಐ ಹುಟ್ಟಿದ್ದು 1886ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಒಂಬತ್ತು ಮಕ್ಕಳ ದೊಡ್ಡ ಕುಟುಂಬ. ಚಿಕ್ಕಂದಿನಿಂದಲೂ ಪ್ರಾಣಿ, ಪಕ್ಷಿ, ಬೇಟೆ, ಅಡುಗೆ ಎಂದರೆ ಆತನಿಗೆ ಭಾರಿ ಕುತೂಹಲ.

ಆಮ್ಹರ್ಸ್ಟ್ ಕಾಲೇಜಿಗೆ ಸೇರಿದಾಗ ಫೀಸಿಗೆ ದುಡ್ಡು ಸಾಲದು. ಕಪ್ಪೆಗಳನ್ನು ಹಿಡಿದು ಮೃಗಾಲಯಕ್ಕೆ ಮಾರಿದ. ಇಲಿಗಳನ್ನು ಹಿಡಿದು ಸಂಶೋಧಕರಿಗೆ ಕೊಟ್ಟ. ಆದರೂ ಓದು ಮುಗಿಯಲಿಲ್ಲ. ಹಣವಿಲ್ಲದೆ ಪದವಿಗೆ ಮೊದಲೇ ಕಾಲೇಜು ಬಿಡಬೇಕಾಯಿತು.

ಆಮೇಲೆ ಅಮೆರಿಕ ಸರ್ಕಾರದ ಜೀವಿ ಸಮೀಕ್ಷೆ ಇಲಾಖೆಯಲ್ಲಿ ಕೆಲಸ. 1910ರ ಹೊತ್ತಿಗೆ ಮೊಂಟಾನಾ ರಾಜ್ಯದಲ್ಲಿ ಉಣ್ಣೆಗಳಿಂದ ಹರಡುವ ಒಂದು ಮಾರಕ ಜ್ವರದ ಅಧ್ಯಯನ ನಡೆದಿತ್ತು. ಕಾಡುಪ್ರಾಣಿಗಳನ್ನು ಹಿಡಿದು ಉಣ್ಣೆ ಆರಿಸುವ ಅಪಾಯದ ಕೆಲಸ ಈತನದು. ಡಿಗ್ರಿ ಇಲ್ಲದಿದ್ದರೂ ಕಣ್ಣಿಟ್ಟು ನೋಡುವ, ನೋಡಿದ್ದನ್ನು ಬರೆದಿಡುವ ಅಭ್ಯಾಸ ಅಲ್ಲಿ ಗಟ್ಟಿಯಾಯಿತು.

ಲ್ಯಾಬ್ರಡಾರ್‌ನ ಚಳಿಯಲ್ಲಿ ಕಲಿತ ಪಾಠ

1912ರಲ್ಲಿ ಬರ್ಡ್ಸ್‌ಐ ಈಗಿನ ಕೆನಡಾದ ಈಶಾನ್ಯ ತುದಿಯ ಲ್ಯಾಬ್ರಡಾರ್‌ಗೆ ಹೋದ. ಮೊದಲು ವಿಲ್ಫ್ರೆಡ್ ಗ್ರೆನ್‌ಫೆಲ್ ಎಂಬ ವೈದ್ಯರ ತಂಡದ ಜೊತೆ ಹೋದವನು, ನಂತರ ನರಿ ತುಪ್ಪಳದ ವ್ಯಾಪಾರಕ್ಕಾಗಿ ಅಲ್ಲೇ ನಿಂತ. 1915ರಲ್ಲಿ ಎಲೀನರ್ ಎಂಬಾಕೆಯನ್ನು ಮದುವೆಯಾದ. ಮರುವರ್ಷ ಹೆಂಡತಿ ಮತ್ತು ಕೆಲವೇ ವಾರಗಳ ಕೂಸನ್ನು ಕರೆದುಕೊಂಡು ಮತ್ತೆ ಅಲ್ಲಿಗೇ ಹೋದ.

ಅಲ್ಲಿ ಚಳಿಗಾಲ ಅಂದರೆ ತಿಂಗಳುಗಟ್ಟಲೆ ಮಂಜು. ಹಸಿ ತರಕಾರಿ ಇಲ್ಲ, ತಾಜಾ ಮಾಂಸ ಅಪರೂಪ. ಹಡಗು ಬರುವುದು ನಿಂತರೆ ಉಪ್ಪು ಹಾಕಿದ ಮೀನು, ಡಬ್ಬಿ ಆಹಾರವೇ ಗತಿ. ಎಳೆ ಮಗುವಿರುವ ಮನೆಗೆ ಊಟದ ಚಿಂತೆ ಎಷ್ಟಿರಬಹುದು ಎಂದು ನೀವೇ ಊಹಿಸಿ.

ಆದರೆ ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನ ಆ ಚಳಿಯಲ್ಲೂ ಒಳ್ಳೆಯ ಮೀನು ತಿನ್ನುತ್ತಿದ್ದರು. ಗಟ್ಟಿ ಮಂಜಿನಲ್ಲಿ ರಂಧ್ರ ಕೊರೆದು ಮೀನು ಹಿಡಿಯುತ್ತಿದ್ದರು. ಹೊರಗೆ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಂಥ ಚಳಿ, ಜೊತೆಗೆ ಕೊರೆಯುವ ಗಾಳಿ. ನೀರಿನಿಂದ ಮೇಲೆ ಬಂದ ಮೀನು ನೋಡನೋಡುತ್ತಲೇ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ತಿಂಗಳುಗಳ ನಂತರ ಕರಗಿಸಿ ಬೇಯಿಸಿದರೂ ಆಗತಾನೆ ಹಿಡಿದ ಮೀನಿನಂತೆ ಇರುತ್ತಿತ್ತು.

ಬರ್ಡ್ಸ್‌ಐ ಗಮನಿಸಿದ ಸೂಕ್ಷ್ಮ ಇನ್ನೊಂದಿದೆ. ಕಡುಚಳಿಯ ದಿನಗಳಲ್ಲಿ ಹೆಪ್ಪುಗಟ್ಟಿದ ಮೀನು, ಮಾಂಸ ಚೆನ್ನಾಗಿರುತ್ತಿದ್ದವು. ಚಳಿ ಅಷ್ಟಿಲ್ಲದ ದಿನಗಳಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದವು ಕರಗಿದಾಗ ನೀರು ಬಿಟ್ಟು ಮೆತ್ತಗಾಗುತ್ತಿದ್ದವು. ಅಂದರೆ ತಣ್ಣಗಾದರೆ ಸಾಲದು, ಬೇಗ ತಣ್ಣಗಾಗಬೇಕು.

ಪೀಪಾಯಿಯಲ್ಲಿ ಕೋಸಿನ ಎಲೆಗಳನ್ನು ಪದರ ಪದರವಾಗಿ ಇಟ್ಟು, ಉಪ್ಪುನೀರು ಸುರಿದು ಹೆಪ್ಪುಗಟ್ಟಿಸಿ, ಬೇಕಾದಾಗ ಒಡೆದು ತೆಗೆದು ಬೇಯಿಸುವ ಪ್ರಯೋಗವನ್ನೂ ಆತ ಅಲ್ಲಿ ಮಾಡಿದ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಆಹಾರವನ್ನು ಹೆಪ್ಪುಗಟ್ಟಿಸುವುದನ್ನು ಕಂಡುಹಿಡಿದದ್ದೇ ಬರ್ಡ್ಸ್‌ಐ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಇನ್ಯೂಟ್ ಜನರಿಗೆ ಅದು ತಲೆಮಾರುಗಳಿಂದ ಗೊತ್ತಿತ್ತು. ಅಮೆರಿಕದಲ್ಲೇ 1861ರಲ್ಲಿ ಈನಾಕ್ ಪೈಪರ್ ಎಂಬಾತ ಐಸು ಮತ್ತು ಉಪ್ಪಿನ ಮಿಶ್ರಣದಿಂದ ಮೀನು ಹೆಪ್ಪುಗಟ್ಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಬೇಗ ಹೆಪ್ಪುಗಟ್ಟಿಸುವ ಗುಟ್ಟನ್ನು ಯಂತ್ರಕ್ಕೆ ಇಳಿಸಿ, ಅದನ್ನು ಸಾಮಾನ್ಯರ ಅಂಗಡಿಗೆ ತಲುಪಿಸಿದ್ದು ಬರ್ಡ್ಸ್‌ಐ ಸಾಧನೆ.

ಮೀನಿನೊಳಗೆ ನಡೆಯುವುದೇನು?

ಮೀನಿನ ಮಾಂಸದಲ್ಲಿ ಸಾಮಾನ್ಯವಾಗಿ 70ರಿಂದ 80 ಭಾಗ ನೀರು, 15ರಿಂದ 20 ಭಾಗ ಪ್ರೊಟೀನ್. ಈ ನೀರು ಕೊಡದಲ್ಲಿ ತುಂಬಿಟ್ಟಂತೆ ಸಡಿಲವಾಗಿ ಇರುವುದಿಲ್ಲ. ಉದ್ದುದ್ದ ಎಳೆಗಳಂಥ ಪ್ರೊಟೀನುಗಳು ಬಲೆಯಂತೆ ಅದನ್ನು ಹಿಡಿದಿಟ್ಟಿರುತ್ತವೆ.

ತಾಪಮಾನ ಮೈನಸ್ 1 ಡಿಗ್ರಿಯ ಆಸುಪಾಸಿಗೆ ಬಂದಾಗ ಮೀನಿನ ನೀರು ಹೆಪ್ಪುಗಟ್ಟಲು ಶುರುವಾಗುತ್ತದೆ. ಮೈನಸ್ 5ಕ್ಕೆ ಬರುವ ಹೊತ್ತಿಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು ಮಂಜಾಗಿರುತ್ತದೆ. ಈ ಕೆಲವೇ ಡಿಗ್ರಿಗಳ ಹಾದಿಯನ್ನು ಮೀನು ಎಷ್ಟು ಬೇಗ ದಾಟುತ್ತದೆ ಎಂಬುದು ಮುಖ್ಯ. ನಿಧಾನವಾದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಮಾಂಸದ ಎಳೆಗಳ ನಡುವೆ ಜಾಗ ಮಾಡಿಕೊಳ್ಳುತ್ತವೆ, ಜೀವಕೋಶದೊಳಗಿನ ನೀರನ್ನೂ ಹೊರಗೆಳೆಯುತ್ತವೆ. ಬೇಗನಾದರೆ ಹರಳುಗಳು ಸಣ್ಣಸಣ್ಣದಾಗಿ ಎಲ್ಲ ಕಡೆ ಹರಡಿಕೊಳ್ಳುತ್ತವೆ.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಕಬ್ಬಿನ ರಸ ಕುದಿಸಿ ಬೆಲ್ಲ ಮಾಡುವುದನ್ನು ನೋಡಿದ್ದೀರಲ್ಲ? ನೀರು ಆವಿಯಾದಂತೆ ಸಿಹಿ ಗಟ್ಟಿಯಾಗುತ್ತದೆ. ಹೆಪ್ಪುಗಟ್ಟುವಾಗಲೂ ಹಾಗೇ. ನೀರು ಶುದ್ಧ ಮಂಜಾಗಿ ಬೇರೆಯಾದಂತೆ, ಮೀನಿನಲ್ಲಿ ಸಹಜವಾಗಿರುವ ಲವಣಗಳೆಲ್ಲ ಉಳಿದ ಸ್ವಲ್ಪ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ. ನಾವು ಒಂದು ಚಿಟಿಕೆ ಉಪ್ಪು ಹಾಕದಿದ್ದರೂ ಮೀನಿನೊಳಗೆ ಖಾರ ಉಪ್ಪುನೀರು ತಯಾರಾಗುತ್ತದೆ. ತಿಂಗಳುಗಟ್ಟಲೆ ಇಟ್ಟಾಗ, ಅದರಲ್ಲೂ ಫ್ರೀಜರ್ ಸಾಕಷ್ಟು ತಣ್ಣಗಿಲ್ಲದಾಗ, ಪ್ರೊಟೀನ್ ಎಳೆಗಳು ಒಂದಕ್ಕೊಂದು ಅಂಟಿ ನೀರು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತವೆ.

ಐಸ್ ಮೀನು ಕರಗಿದಾಗ ತಟ್ಟೆಯಲ್ಲಿ ನಿಲ್ಲುವ ತಿಳಿಗೆಂಪು ನೀರು ಇದರ ಫಲ. ಅದರಲ್ಲಿ ನೀರಿನ ಜೊತೆಗೆ, ನೀರಿನಲ್ಲಿ ಕರಗುವ ಒಂದಿಷ್ಟು ಪ್ರೊಟೀನ್, ಕೆಲವು ಬಿ ಜೀವಸತ್ವ, ಖನಿಜಾಂಶ ಇರುತ್ತವೆ.

ಏಳು ಡಾಲರಿನ ಪ್ರಯೋಗ, ಮೊದಲ ದಿವಾಳಿ

1917ರಲ್ಲಿ ಬರ್ಡ್ಸ್‌ಐ ಕುಟುಂಬ ಅಮೆರಿಕಕ್ಕೆ ಮರಳಿತು. ಕೆಲ ವರ್ಷಗಳ ನಂತರ ಮೀನುಗಾರಿಕೆ ಸಂಘಟನೆಯೊಂದರಲ್ಲಿ ಕೆಲಸ ಮಾಡುವಾಗ, ಬಂದರಿನಿಂದ ಪಟ್ಟಣಕ್ಕೆ ಸಾಗಿಸುವ ಮೀನು ದಾರಿಯಲ್ಲೇ ಹೇಗೆ ಹಾಳಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡ. ಆಗ ಲ್ಯಾಬ್ರಡಾರ್ ನೆನಪಾಯಿತು. ಆದರೆ ನ್ಯೂಯಾರ್ಕ್‌ನಲ್ಲಿ ಮೈನಸ್ 40 ಡಿಗ್ರಿ ಚಳಿ ಎಲ್ಲಿಂದ ತರುವುದು?

ಉತ್ತರ ಉಪ್ಪಿನಲ್ಲಿತ್ತು. ಜಾತ್ರೆಯಲ್ಲಿ ಕುಲ್ಫಿ ಮಾರುವವರು ಐಸಿಗೆ ಉಪ್ಪು ಬೆರೆಸುತ್ತಾರೆ. ಉಪ್ಪು ಸೇರಿದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ನಮ್ಮ ಅಡುಗೆ ಉಪ್ಪಿನ ಗಟ್ಟಿ ದ್ರಾವಣ ಸುಮಾರು ಮೈನಸ್ 21 ಡಿಗ್ರಿವರೆಗೂ ದ್ರವವಾಗಿಯೇ ಇರಬಲ್ಲದು. ಬರ್ಡ್ಸ್‌ಐ ಒಂದು ವಿದ್ಯುತ್ ಫ್ಯಾನು, ಕೆಲವು ಬಕೆಟ್ ಉಪ್ಪುನೀರು, ಐಸಿನ ಗಟ್ಟಿಗಳು ಇಷ್ಟನ್ನೇ ಇಟ್ಟುಕೊಂಡು, ಏಳು ಡಾಲರ್ ಖರ್ಚಿನಲ್ಲಿ ಪ್ರಯೋಗ ಶುರು ಮಾಡಿದನೆಂದು ಆತನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ.

1923ರಲ್ಲಿ ಮೀನು ಹೆಪ್ಪುಗಟ್ಟಿಸಿ ಮಾರುವ ಕಂಪನಿ ತೆರೆದ. 1924ರಲ್ಲಿ ಅದು ದಿವಾಳಿಯಾಯಿತು. ಕಾರಣ, ಐಸ್ ಮೀನು ಎಂದರೆ ಮಾರಾಟವಾಗದೆ ಉಳಿದ ಹಳೆ ಮೀನು ಎಂಬ ಭಾವನೆ ಜನರಲ್ಲಿತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆಗಿನ ಕಾಲದಲ್ಲಿ ನಿಧಾನವಾಗಿ ಹೆಪ್ಪುಗಟ್ಟಿಸಿದ ಮೀನು ಕರಗಿದರೆ ಸ್ಪಂಜಿನಂತೆ ಆಗುತ್ತಿತ್ತು. ಇಂದು ನಮ್ಮಲ್ಲಿ ಐಸ್ ಮೀನಿನ ಬಗ್ಗೆ ಇರುವ ಅನುಮಾನವೇ ನೂರು ವರ್ಷದ ಹಿಂದೆ ಅಲ್ಲೂ ಇತ್ತು.

ಉಪ್ಪುಮೀನಿನ ಊರಿನಲ್ಲಿ ಹೊಸ ಅಂಗಡಿ

1925ರಲ್ಲಿ ಬರ್ಡ್ಸ್‌ಐ ಮೆಸಾಚುಸೆಟ್ಸ್ ರಾಜ್ಯದ ಗ್ಲೌಸೆಸ್ಟರ್ ಎಂಬ ಬಂದರಿಗೆ ಬಂದು ಹೊಸ ಕಂಪನಿ ಕಟ್ಟಿದ. ಆ ಊರು ಹೆಸರಾಗಿದ್ದೇ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿಗೆ.

ನಮ್ಮ ಕರಾವಳಿಯ ಕಥೆಯೂ ಬೇರೆ ಅಲ್ಲ. ಮಂಗಳೂರು ಭಾಗ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬ್ರಿಟಿಷರ ಉಪ್ಪಿನ ತೆರಿಗೆಯಿಂದ ಮೀನುಗಾರರಿಗೆ ಮೀನು ಕೆಡದಂತೆ ಇಡಲು ಬೇಕಾದ ಉಪ್ಪೇ ದುಬಾರಿಯಾಗಿತ್ತು. 1870ರ ದಶಕದಲ್ಲಿ ಭಾರತದ ಮೀನುಗಾರಿಕೆಯನ್ನು ಪರಿಶೀಲಿಸಿದ ಸೇನಾ ವೈದ್ಯ ಫ್ರಾನ್ಸಿಸ್ ಡೇ ಈ ಕಷ್ಟವನ್ನು ಸರ್ಕಾರದ ಗಮನಕ್ಕೆ ತಂದವರಲ್ಲಿ ಒಬ್ಬರು. ಮುಂದೆ ಸುಂಕವಿಲ್ಲದ ಉಪ್ಪು ಸಿಗುವ ಮೀನು ಉಪ್ಪಿಡುವ ಕಟ್ಟೆಗಳು ಆ ಕರಾವಳಿಯಲ್ಲಿ ಶುರುವಾದವು.

ಭಾರಿ ಉಪ್ಪು ಹಾಕಿದಾಗ ಮೀನಿಗೆ ಏನಾಗುತ್ತದೆ ಎಂಬುದು ಉಪ್ಪಿನಕಾಯಿ ಹಾಕುವ ಮನೆಯವರಿಗೆ ಹೇಳಬೇಕಿಲ್ಲ. ಮಾವಿನ ಹೋಳಿಗೆ ಉಪ್ಪು ಬೆರೆಸಿ ಇಟ್ಟರೆ ಬೆಳಗಾಗುವುದರೊಳಗೆ ನೀರು ಬಿಟ್ಟಿರುತ್ತದೆ. ಮೀನೂ ಹಾಗೇ ನೀರು ಬಿಡುತ್ತದೆ. ಸೂಕ್ಷ್ಮಾಣುಗಳಿಗೆ ಬೇಕಾದ ನೀರು ಸಿಗದೆ ಮೀನು ಬೇಗ ಕೆಡುವುದಿಲ್ಲ. ಆದರೆ ಇಳಿದ ನೀರಿನ ಜೊತೆ ಸ್ವಲ್ಪ ಪ್ರೊಟೀನೂ ಹೋಗುತ್ತದೆ, ಉಳಿದ ಪ್ರೊಟೀನ್ ಗಟ್ಟಿಯಾಗುತ್ತದೆ. ಒಣಮೀನು ನಾರುನಾರಾಗಿ ಇರುವುದು ಇದರಿಂದಲೇ.

ಉಪ್ಪು ಹೊರಗೆ, ಮೀನು ಒಳಗೆ

ಬರ್ಡ್ಸ್‌ಐ ಮುಂದೆ ಒಂದು ತೊಡಕಿತ್ತು. ಬೇಗ ಹೆಪ್ಪುಗಟ್ಟಿಸಲು ಕೊರೆಯುವ ಉಪ್ಪುನೀರು ಬೇಕು. ಆದರೆ ಮೀನನ್ನು ಅದರಲ್ಲೇ ಮುಳುಗಿಸಿದರೆ ಉಪ್ಪು ಮಾಂಸದೊಳಗೆ ಇಳಿಯುವ ಭಯ. ಡೆನ್ಮಾರ್ಕ್‌ನ ಒಟ್ಟೆಸೆನ್ ಎಂಬಾತ 1910ರ ದಶಕದಲ್ಲಿ ಮೀನನ್ನು ನೇರವಾಗಿ ಉಪ್ಪುನೀರಿಗೆ ಹಾಕುವ ವಿಧಾನ ರೂಪಿಸಿದ್ದ. ಅಲ್ಲೂ ಉಪ್ಪು ಒಳಗೆ ಹೋಗದಂತೆ ನೋಡಿಕೊಳ್ಳುವುದೇ ದೊಡ್ಡ ಸವಾಲು.

ಬರ್ಡ್ಸ್‌ಐ ಬೇರೆ ದಾರಿ ಹಿಡಿದ. ಮೀನಿನ ತುಂಡುಗಳನ್ನು ಮೊದಲೇ ಚಪ್ಪಟೆ ಪೆಟ್ಟಿಗೆಯಲ್ಲಿ ಒತ್ತಾಗಿ ತುಂಬಿದ. ಆ ಪೆಟ್ಟಿಗೆಯನ್ನು ಎರಡು ಲೋಹದ ಪಟ್ಟಿಗಳ ನಡುವೆ ಅಪ್ಪಚ್ಚಿ ಹಿಡಿದಂತೆ ಸಾಗಿಸಿದ. ಪಟ್ಟಿಗಳ ಹೊರಮೈ ಮೇಲೆ ಸುಮಾರು ಮೈನಸ್ 40 ಡಿಗ್ರಿಯ ಕ್ಯಾಲ್ಸಿಯಂ ಕ್ಲೋರೈಡ್ ನೀರನ್ನು ಸುರಿಸಿದ. ಇದು ಅಡುಗೆ ಉಪ್ಪಿಗಿಂತ ಇನ್ನೂ ಕೆಳಗಿನ ತಾಪಮಾನದವರೆಗೆ ದ್ರವವಾಗಿಯೇ ಇರುವ ಬೇರೊಂದು ಲವಣ. ಆದರೆ ಬಾಯಿಗಿಟ್ಟರೆ ಕಹಿ. ಅದು ಮೀನಿಗೆ ತಾಗಲೇಬಾರದು, ಈ ಯಂತ್ರದಲ್ಲಿ ತಾಗುತ್ತಲೂ ಇರಲಿಲ್ಲ. ಲೋಹದ ಮೂಲಕ ಚಳಿ ಮಾತ್ರ ಒಳಗೆ ಹೋಗುತ್ತಿತ್ತು. ಹಳೆ ವಿಧಾನದಲ್ಲಿ ಬಹಳ ಹೊತ್ತು ಹಿಡಿಯುತ್ತಿದ್ದ ಕೆಲಸ ಒಂದೆರಡು ಗಂಟೆಯ ಮಾತಾಯಿತು.

ಬರ್ಡ್ಸ್‌ಐ ಉಪ್ಪನ್ನು ಬಿಡಲಿಲ್ಲ, ಅದರ ಜಾಗ ಬದಲಿಸಿದ ಅಷ್ಟೇ. ಇವತ್ತಿನ ಫಾರ್ವರ್ಡ್‌ಗಳಿಗೂ ಇದೇ ಅಳತೆಗೋಲು. ಉಪ್ಪು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರವಿಲ್ಲ. ಉಪ್ಪು ಎಲ್ಲಿದೆ, ಎಷ್ಟಿದೆ ಎಂದು ಕೇಳಬೇಕು.

ಉಪ್ಪು ಮೀನಿನೊಳಗೇ ಹೋದರೆ?

ಮುಂದಿನ ದಶಕಗಳಲ್ಲಿ ಆಹಾರ ವಿಜ್ಞಾನಿಗಳು ಇದನ್ನು ಚೆನ್ನಾಗಿ ಪರೀಕ್ಷಿಸಿದರು. ಫಲಿತಾಂಶ ಕೇಳಿದರೆ ಮೊದಲಿಗೆ ಆಶ್ಚರ್ಯವಾಗುತ್ತದೆ. ಸ್ವಲ್ಪ ಉಪ್ಪು ಮೀನಿನ ನೀರನ್ನು ಉಳಿಸುತ್ತದೆ, ಹೆಚ್ಚು ಉಪ್ಪು ಅದೇ ನೀರನ್ನು ತೆಗೆಯುತ್ತದೆ.

ಜೋಳದ ಮೇವಿನ ಸಿವುಡನ್ನು ನೆನೆಸಿಕೊಳ್ಳಿ. ಬಿಗಿಯಾಗಿ ಕಟ್ಟಿದ ಸಿವುಡಿನ ನಡುವೆ ಜಾಗವಿರುವುದಿಲ್ಲ. ಹಗ್ಗ ಕೊಂಚ ಸಡಿಲಿಸಿದರೆ ದಂಟುಗಳ ನಡುವೆ ಜಾಗವಾಗುತ್ತದೆ. ಮೀನಿನ ಪ್ರೊಟೀನ್ ಎಳೆಗಳೂ ಹಾಗೆಯೇ. ತಿಳಿಯಾದ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟಾಗ ಉಪ್ಪಿನ ಕಣಗಳು ಎಳೆಗಳಿಗೆ ಅಂಟಿ, ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ನೀರಿಗೆ ಜಾಗವಾಗುತ್ತದೆ. ಹೀಗೆ ಮಾಡಿ ಫ್ರೀಜ್ ಮಾಡಿದ ಮೀನು ಕರಗಿದಾಗ ಕಡಿಮೆ ನೀರು ಬಿಡುತ್ತದೆ, ಬೇಯಿಸಿದಾಗ ಮೆದುವಾಗಿರುತ್ತದೆ.

ಮಾಂಸದೊಳಗಿನ ಉಪ್ಪಿನ ಪ್ರಮಾಣ ಸುಮಾರು ಶೇಕಡಾ 6ರ ಆಸುಪಾಸು ಇರುವಾಗ ಈ ಉಬ್ಬುವಿಕೆ ಹೆಚ್ಚು. ಅದನ್ನು ದಾಟಿ ಏರುತ್ತಾ ಹೋದರೆ ಆಟ ತಿರುಗುತ್ತದೆ. ಉಪ್ಪೇ ನೀರನ್ನು ತನ್ನ ಕಡೆ ಎಳೆಯುತ್ತದೆ, ಎಳೆಗಳು ಮತ್ತೆ ಬಿಗಿದುಕೊಳ್ಳುತ್ತವೆ, ನೀರು ಹೊರಬೀಳುತ್ತದೆ. ಇದೇ ಒಣಮೀನಿನ ದಾರಿ.

ತಿಳಿ ಉಪ್ಪುನೀರಿಗೂ ಬೆಲೆ ಇದೆ. ಒಂದು, ಹೆಚ್ಚು ಹೊತ್ತು ನೆನೆಸಿದರೆ ಉಪ್ಪಿನಲ್ಲಿ ಕರಗುವ ಪ್ರೊಟೀನುಗಳೇ ನೀರಿಗೆ ಇಳಿಯುತ್ತವೆ. ನೆನೆಸಿದ ಮೀನಿನ ಮೇಲ್ಮೈ ಅಂಟಂಟಾಗುವುದು ಇದಕ್ಕೇ. ಎರಡು, ಬಂಗುಡೆ, ಬೂತಾಯಿಯಂಥ ಕೊಬ್ಬಿನ ಮೀನುಗಳಲ್ಲಿ ಉಪ್ಪು ಕೊಬ್ಬು ಕೆಡುವುದನ್ನು ಚುರುಕು ಮಾಡುತ್ತದೆ. ಫ್ರೀಜರ್‌ನಲ್ಲಿದ್ದರೂ ಅಂಥ ಮೀನಿಗೆ ಕಮಟು ವಾಸನೆ ಬೇಗ ಬರಬಹುದು.

ಅಂಗಡಿಗೆ ಬಂದ ಐಸ್ ಮೀನು

1929ರಲ್ಲಿ ಬರ್ಡ್ಸ್‌ಐ ತನ್ನ ಕಂಪನಿ ಮತ್ತು ಪೇಟೆಂಟ್‌ಗಳನ್ನು 2.2 ಕೋಟಿ ಡಾಲರಿಗೆ ಮಾರಿದ. ಐದು ವರ್ಷಗಳ ಹಿಂದೆ ದಿವಾಳಿಯಾಗಿದ್ದ ಮನುಷ್ಯ ಈಗ ಶ್ರೀಮಂತ. ಆತನ ಹೆಸರನ್ನೇ ಎರಡು ಪದವಾಗಿ ಒಡೆದು ಬರ್ಡ್ಸ್ ಐ ಎಂಬ ಬ್ರಾಂಡ್ ಮಾಡಿದರು. 1930ರ ಮಾರ್ಚ್ 6ರಂದು ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ನಗರದ 18 ಅಂಗಡಿಗಳಲ್ಲಿ ಹೆಪ್ಪುಗಟ್ಟಿದ ಮೀನು, ಮಾಂಸ, ಬಟಾಣಿ, ಹಣ್ಣುಗಳ ಮಾರಾಟ ಶುರುವಾಯಿತು. ಜನ ನಂಬಲು ಸಮಯ ಹಿಡಿಯಿತು. ಅಂಗಡಿಗಳಿಗೆ ಫ್ರೀಜರ್ ಬೇಕು, ಸಾಗಿಸಲು ತಣ್ಣನೆಯ ರೈಲು ಡಬ್ಬಿ ಬೇಕು, ಮನೆಯಲ್ಲೂ ಇಡಲು ಜಾಗ ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮೀನು ಕರಗಿ ಹಾಳು.

ದುಡ್ಡು ಬಂದ ಮೇಲೂ ಬರ್ಡ್ಸ್‌ಐ ಸುಮ್ಮನೆ ಕೂರಲಿಲ್ಲ. ಬಿಸಿ ಕೊಡುವ ಇನ್‌ಫ್ರಾರೆಡ್ ದೀಪ, ತಿಮಿಂಗಿಲ ಹಿಡಿಯುವ ಈಟಿ, ಆಹಾರ ಒಣಗಿಸುವ ವಿಧಾನ ಹೀಗೆ ಹತ್ತಾರು ಪ್ರಯೋಗ. ಕೊನೆಯ ವರ್ಷಗಳಲ್ಲಿ ಪೆರು ದೇಶಕ್ಕೆ ಹೋಗಿ ಕಬ್ಬಿನ ಸಿಪ್ಪೆಯಿಂದ ಕಾಗದದ ತಿರುಳು ಮಾಡುವ ಕೆಲಸಕ್ಕೆ ಕೈ ಹಾಕಿದ. 1956ರ ಅಕ್ಟೋಬರ್ 7ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ಚಿತಾಭಸ್ಮವನ್ನು ಗ್ಲೌಸೆಸ್ಟರ್ ಬಳಿಯ ಸಮುದ್ರದಲ್ಲಿ ಬಿಟ್ಟರು.

ಅದಾದ 25 ದಿನಕ್ಕೆ, ನವೆಂಬರ್ 1ರಂದು, ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಅಷ್ಟರಲ್ಲಾಗಲೇ ಮುನಿರಾಬಾದ್ ಪಕ್ಕದಲ್ಲಿ ತುಂಗಭದ್ರಾ ಅಣೆಕಟ್ಟು ನಿಂತು ನೀರು ಹರಿಯತೊಡಗಿತ್ತು. ಹೊಳೆ ಮೀನಿನ ಜೊತೆಗೆ ಜಲಾಶಯದ ಮೀನೂ ಈ ಭಾಗಕ್ಕೆ ಸಿಗತೊಡಗಿದ ಕಾಲ ಅದು.

ಬರ್ಡ್ಸ್‌ಐ ವಿದ್ಯೆ ಭಾರತದ ಕರಾವಳಿಗೂ ಅದೇ ದಶಕದಲ್ಲಿ ಬಂತು. 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ರಫ್ತಾಗಲು ಶುರುವಾಯಿತು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಆರಂಭವಾಯಿತು. ನಾರ್ವೆ ದೇಶದ ನೆರವಿನಿಂದ ಕೇರಳದಲ್ಲಿ ಶುರುವಾದ ಮೀನುಗಾರಿಕೆ ಯೋಜನೆ 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ವಿಸ್ತರಿಸಿತು.

ಈಗ ಫಾರ್ವರ್ಡ್‌ಗಳಿಗೆ ಉತ್ತರ

ಫ್ರೀಜ್ ಮಾಡಿದ ಮೀನಿನಲ್ಲಿ ಪ್ರೊಟೀನ್ ಇರುವುದಿಲ್ಲವೇ?
ಸುಳ್ಳು. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಮೀನಿನ ಮಾಂಸದಲ್ಲಿ 180 ಗ್ರಾಂ ಪ್ರೊಟೀನ್ ಇದೆ ಎಂದುಕೊಳ್ಳೋಣ. ಕರಗುವಾಗ 50 ಗ್ರಾಂ ನೀರು ಸೋರಿತು, ಅದರಲ್ಲಿ ಹತ್ತನೇ ಒಂದು ಭಾಗ ಪ್ರೊಟೀನೇ ಇತ್ತು ಎಂದರೂ ಹೋಗುವುದು 5 ಗ್ರಾಂ. ಉಳಿಯುವುದು 175 ಗ್ರಾಂ. ಪ್ರೊಟೀನ್ ಎಳೆಗಳು ಒಂದಕ್ಕೊಂದು ಅಂಟಿಕೊಂಡರೆ ಮೀನು ಗಟ್ಟಿಯಾಗಿ ರುಚಿ ಕಡಿಮೆಯಾಗಬಹುದು. ಆದರೆ ಹೊಟ್ಟೆಯಲ್ಲಿ ಅದು ಜೀರ್ಣವಾಗುತ್ತದೆ, ಮೈಗೂ ಹತ್ತುತ್ತದೆ.

ಉಪ್ಪು ಹಾಕಿದರೆ ಸತ್ವವೆಲ್ಲ ಇಳಿದುಹೋಗುತ್ತದೆಯೇ?
ಅರ್ಧ ಸತ್ಯ. ಭಾರಿ ಉಪ್ಪು ನೀರು ಇಳಿಸುತ್ತದೆ, ಸ್ವಲ್ಪ ಪ್ರೊಟೀನೂ ಹೋಗುತ್ತದೆ. ತಿಳಿ ಉಪ್ಪುನೀರು, ಕಡಿಮೆ ಹೊತ್ತು ಎಂದರೆ ನೀರು ಉಳಿಯುತ್ತದೆ.

ಉಪ್ಪುನೀರಿನಲ್ಲಿ ನೆನೆಸಿದರೆ ಹಳೆ ಮೀನು ತಾಜಾ ಆಗುತ್ತದೆಯೇ?
ಖಂಡಿತ ಇಲ್ಲ. ಉಪ್ಪುನೀರು ವಾಸನೆಯನ್ನು ಸ್ವಲ್ಪ ಮರೆಮಾಡಬಹುದು. ಕೆಟ್ಟ ಮೀನನ್ನು ಉಪ್ಪೂ ಸರಿಮಾಡದು, ಫ್ರೀಜರೂ ಸರಿಮಾಡದು. ಫ್ರೀಜರ್ ಸೂಕ್ಷ್ಮಾಣುಗಳನ್ನು ಮಲಗಿಸುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ.

ಒಣಮೀನಿನಲ್ಲಿ ಎಷ್ಟೋ ಪಟ್ಟು ಹೆಚ್ಚು ಪ್ರೊಟೀನ್ ಇದೆಯೇ?
ತೂಕಕ್ಕೆ ತೂಕ ಹೋಲಿಸಿದರೆ ಹೆಚ್ಚು, ನಿಜ. ಆದರೆ ಅದು ಹೊಸದಾಗಿ ಹುಟ್ಟಿದ ಪ್ರೊಟೀನ್ ಅಲ್ಲ, ನೀರು ಹೋದ ಲೆಕ್ಕ. ಅದೇ ಮೀನಿನ ಒಟ್ಟು ಪ್ರೊಟೀನ್ ಹೆಚ್ಚಾಗುವುದಿಲ್ಲ, ತುಸು ಕಡಿಮೆಯೇ ಆಗಿರುತ್ತದೆ. ಜೊತೆಗೆ ಬರುವ ಉಪ್ಪನ್ನೂ ಮರೆಯಬೇಡಿ. ಬಿಪಿ, ಕಿಡ್ನಿ ತೊಂದರೆ ಇರುವವರು ಒಣಮೀನನ್ನು ಚೆನ್ನಾಗಿ ನೆನೆಸಿ, ನೀರು ಚೆಲ್ಲಿ, ಕಡಿಮೆ ತಿನ್ನುವುದು ಒಳ್ಳೆಯದು. ವೈದ್ಯರು ಬೇಡ ಎಂದಿದ್ದರೆ ಬೇಡ.

ಮನೆಯಲ್ಲಿ ನೀವು ಮಾಡಬಹುದಾದದ್ದು

1. ಮೀನು ತಂದ ದಿನವೇ ಶುಚಿ ಮಾಡಿ. ಒಂದು ಹೊತ್ತಿಗೆ ಬೇಕಾದಷ್ಟನ್ನು ತೆಳ್ಳಗೆ, ಚಪ್ಪಟೆಯಾಗಿ ಕವರಿನಲ್ಲಿ ಹಾಕಿ, ಗಾಳಿ ತೆಗೆದು ಫ್ರೀಜರ್‌ಗೆ ಇಡಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಆಸುಪಾಸಿನದು. ದಪ್ಪ ಗಂಟು ಮಾಡಿ ಇಟ್ಟರೆ ನಡುಭಾಗ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಬರ್ಡ್ಸ್‌ಐ ಚಪ್ಪಟೆ ಪೆಟ್ಟಿಗೆ ಬಳಸಿದ್ದು ಇದಕ್ಕೇ.

2. ಕಾಟ್ಲಾ, ರೋಹುವಿನಂಥ ಕೆರೆ ಮೀನಿನ ತುಂಡುಗಳನ್ನು ಫ್ರೀಜ್ ಮಾಡುವ ಮೊದಲು ಬೇಕಿದ್ದರೆ ಉಪ್ಪುನೀರಿನಲ್ಲಿ ಅದ್ದಬಹುದು. ಒಂದು ಲೀಟರ್ ತಣ್ಣೀರಿಗೆ 30ರಿಂದ 50 ಗ್ರಾಂ ಉಪ್ಪು, ಅಂದರೆ ಎರಡು ಮೂರು ದೊಡ್ಡ ಚಮಚ. ಹತ್ತು ನಿಮಿಷ ಸಾಕು. ಸಾರು ಮಾಡುವಾಗ ಉಪ್ಪು ಅಷ್ಟು ಕಡಿಮೆ ಹಾಕಿ. ಕೊಬ್ಬಿನ ಬಂಗುಡೆ, ಬೂತಾಯಿಗೆ ಇದು ಬೇಡ, ಅವನ್ನು ಬೇಗ ತಿಂದು ಮುಗಿಸಿ.

3. ಕರಗಿಸಲು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಇಡಿ. ಅವಸರವಿದ್ದರೆ ಕವರ್ ಬಿಚ್ಚದೆ ತಣ್ಣೀರಿನಲ್ಲಿ ಇಡಿ. ಬಿಚ್ಚಿದ ಮೀನನ್ನು ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿಟ್ಟರೆ ಪ್ರೊಟೀನ್ ನಷ್ಟ ಅಲ್ಲಿ ಹೆಚ್ಚು.

4. ಒಮ್ಮೆ ಪೂರ್ತಿ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಂಥ ದಿನ ತಾಸುಗಟ್ಟಲೆ ಕರೆಂಟ್ ಹೋಗಿ ಮೀನು ಮೆತ್ತಗಾಗಿ, ಬೆಚ್ಚಗಾಗಿ ವಾಸನೆ ಬಂದಿದ್ದರೆ ಎಸೆಯುವುದೇ ಲೇಸು. ಇನ್ನೂ ತಣ್ಣಗಿದ್ದರೆ ಅವತ್ತೇ ಬೇಯಿಸಿ.

5. ಪ್ಯಾಕೆಟ್ ಮೀನು ಕೊಳ್ಳುವಾಗ ಮೇಲಿನ ಐಸಿನ ಪದರ ಬಿಟ್ಟು ನಿವ್ವಳ ತೂಕ ಎಷ್ಟೆಂದು ಓದಿ. ಪ್ಯಾಕೆಟ್ ಒಳಗೆ ಮಂಜಿನ ಹರಳು ತುಂಬಿ ಮೀನು ಒಂದಕ್ಕೊಂದು ಅಂಟಿದ್ದರೆ ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಇದೆ.

ಕೊನೆಯ ಮಾತು

ಕಾಲೇಜು ಮುಗಿಸಲಾಗದ ಒಬ್ಬ ಮನುಷ್ಯ, ತನಗಿಂತ ಚೆನ್ನಾಗಿ ಬಲ್ಲ ಇನ್ಯೂಟ್ ಜನರನ್ನು ನೋಡಿ ಕಲಿತ. ಕಲಿತದ್ದನ್ನು ಬಕೆಟ್ ಉಪ್ಪುನೀರಿನಲ್ಲಿ ಪರೀಕ್ಷೆ ಮಾಡಿದ. ಒಮ್ಮೆ ಸೋತು ಮತ್ತೆ ಮಾಡಿದ. ಸಮುದ್ರದಿಂದ ದೂರದ ಕುಷ್ಟಗಿಯ ಮನೆಯಲ್ಲೂ ಇವತ್ತು ಫ್ರೀಜರ್‌ನಲ್ಲಿ ಮೀನು ಇಡಬಹುದು ಎಂದರೆ ಅದರ ಹಿಂದೆ ಈ ಹೆಣಗಾಟವಿದೆ.

ಮುಂದಿನ ಸಲ ಐಸ್ ಮೀನು ವಿಷ ಎಂದೋ, ಉಪ್ಪು ಹಾಕಿದರೆ ಅಮೃತ ಎಂದೋ ಮೆಸೇಜ್ ಬಂದರೆ ತಕ್ಷಣ ಮುಂದಕ್ಕೆ ಕಳಿಸಬೇಡಿ. ಎಷ್ಟು ಉಪ್ಪು, ಎಷ್ಟು ಹೊತ್ತು, ಎಂಥ ಮೀನು ಎಂದು ಕೇಳಿ. ಈ ಮೂರಕ್ಕೆ ಉತ್ತರವಿಲ್ಲದ ಮೆಸೇಜ್ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ. ಈ ಲೇಖನ ಉಪಯೋಗ ಅನಿಸಿದರೆ ನಿಮ್ಮ ಮನೆಯ ಗ್ರೂಪಿಗೆ ಕಳಿಸಿ.